ಪೇಪರಿಗೆ ಬಾರದ ಕಂಪನಿ ಕೆಲಸ

ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಆಪರೇಟರ್ ಒಬ್ಬ ಕೆಲಸ ಬಿಡುತ್ತಿದ್ದಾನೆ ಎಂದಿಟ್ಟುಕೊಳ್ಳಿ. ಅವನಿಗೆ ಬೆಂಗಳೂರಿನಲ್ಲಿ ನಾಲ್ಕು ಕಾಸು ಹೆಚ್ಚು ಸಿಕ್ಕಿರಬಹುದು, ಇಲ್ಲವೇ ಊರಿನಲ್ಲಿ ಜಮೀನು ನೋಡಿಕೊಳ್ಳುವವರಿಲ್ಲದಿರಬಹುದು. ಈ ಸುದ್ದಿ ಮೊದಲು ತಿಳಿಯುವುದು ಅವನ ಜೊತೆ ಅದೇ ಶಿಫ್ಟಿನಲ್ಲಿ ನಿಲ್ಲುವವರಿಗೆ, ಆಮೇಲೆ ಸೂಪರ್‌ವೈಸರಿಗೆ. ಸೂಪರ್‌ವೈಸರ್ ಲೇಬರ್ ಕಂಟ್ರಾಕ್ಟರಿಗೆ ಫೋನ್ ಮಾಡಿ ‘ಸೋಮವಾರದಿಂದ ಒಬ್ಬ ಹುಡುಗ ಬೇಕು’ ಎನ್ನುತ್ತಾನೆ. ಕಂಟ್ರಾಕ್ಟರ್ ತನ್ನ ಕೈಕೆಳಗೆ ದುಡಿಯುವವರಲ್ಲಿ ಒಬ್ಬನನ್ನು ಕರೆದು ‘ನಿಮ್ಮೂರಲ್ಲಿ ಯಾರಾದ್ರೂ ಅವ್ರೇನೋ?’ ಎಂದು ಕೇಳುತ್ತಾನೆ. ಸೋಮವಾರ ಬೆಳಗಿನ ಶಿಫ್ಟಿಗೆ ಅವನ ಚಿಕ್ಕಪ್ಪನ ಮಗನೋ ಪಕ್ಕದ ಮನೆಯ ಹುಡುಗನೋ ಆಧಾರ್ ಕಾರ್ಡಿನ ಜೆರಾಕ್ಸ್ ಹಿಡಿದು ಗೇಟಿನಲ್ಲಿ ನಿಂತಿರುತ್ತಾನೆ. ಎಚ್‌ಆರ್ ವಿಭಾಗದ ಕಂಪ್ಯೂಟರಿಗೆ ಈ ಖಾಲಿ ಜಾಗದ ವಿವರ ಬರುವ ಹೊತ್ತಿಗೆ ಜಾಗ ಖಾಲಿ ಇರುವುದೇ ಇಲ್ಲ.

ಈ ಇಡೀ ಸರಪಳಿಯಲ್ಲಿ ಜಾಹೀರಾತಿಗೆ ಜಾಗವಿಲ್ಲ. ಯಾರೋ ಬೇಕೆಂದೇ ಬಚ್ಚಿಟ್ಟರು ಎಂದೂ ಅಲ್ಲ. ಯಂತ್ರ ನಿಲ್ಲಬಾರದು, ಬಂದವನು ನಾಲ್ಕು ದಿನಕ್ಕೆ ಓಡಿಹೋಗಬಾರದು, ಏನಾದರೂ ಆದರೆ ಕೇಳಲು ಒಬ್ಬ ಪರಿಚಿತ ಇರಬೇಕು. ಕೆಲಸ ಕೊಡುವವನಿಗೆ ಬೇಕಾದದ್ದು ಇಷ್ಟೇ, ಬಾಯಿಮಾತು ಇದನ್ನೆಲ್ಲ ಖರ್ಚಿಲ್ಲದೆ ಮಾಡಿಕೊಡುತ್ತದೆ. ಪತ್ರಿಕೆಯ ವರ್ಗೀಕೃತ ಜಾಹೀರಾತು, ನೌಕರಿ ವೆಬ್‌ಸೈಟು, ಮೊಬೈಲ್ ಆ್ಯಪ್‌ಗಳನ್ನು ದಿನವೂ ತಡಕಾಡಿ ‘ನಮ್ಮ ಕಡೆ ಕೆಲಸವೇ ಇಲ್ಲ’ ಎಂಬ ತೀರ್ಮಾನಕ್ಕೆ ಬಂದಿರುವ ಹುಡುಗ ಹುಡುಗಿಯರು ಮೊದಲು ಇದನ್ನು ತಿಳಿಯಬೇಕು. ಅವರು ಹುಡುಕುತ್ತಿರುವ ಜಾಗಕ್ಕೆ ಆ ಕೆಲಸಗಳು ಬರುವುದೇ ಇಲ್ಲ.

ಕೆಲಸಗಳಿರುವ ನೆಲವನ್ನೊಮ್ಮೆ ನೋಡೋಣ. ಮೈಸೂರಿನಿಂದ ನಂಜನಗೂಡಿನ ಕಡೆ ಹೊರಟರೆ ಕಡಕೊಳದ ಹತ್ತಿರ ಬ್ಯಾತಹಳ್ಳಿಯಲ್ಲಿ ಟಿವಿಎಸ್ ಮೋಟಾರ್ ಕಾರ್ಖಾನೆ ಸಿಗುತ್ತದೆ. ಮುಂದೆ ತಾಂಡವಪುರ, ಅಡಕನಹಳ್ಳಿ, ಹಿಮ್ಮಾವುಗಳ ಕೈಗಾರಿಕಾ ವಲಯ. ಹಿಮ್ಮಾವಿನ ಬಳಿಯ ಏಷ್ಯನ್ ಪೇಂಟ್ಸ್ ಘಟಕ 2018ರಲ್ಲಿ ಶುರುವಾಯಿತು. ನಂಜನಗೂಡು ಪಟ್ಟಣಕ್ಕೆ ಅಂಟಿಕೊಂಡಂತೆ 1989ರಿಂದ ನಡೆಯುತ್ತಿರುವ ನೆಸ್ಲೆ ಕಾರ್ಖಾನೆ, ಔಷಧ ತಯಾರಿಸುವ ಜುಬಿಲಂಟ್, ಎಲೆಕ್ಟ್ರಾನಿಕ್ ಉಪಕರಣಗಳಿಗೆ ಸರ್ಕಿಟ್ ಬೋರ್ಡ್ ಮಾಡುವ ಎಟಿ ಅಂಡ್ ಎಸ್ ಇವೆ. ಚಿಕ್ಕಯ್ಯನಛತ್ರದಲ್ಲಿ 1959ರಲ್ಲಿ ಸ್ಥಾಪನೆಯಾದ ಸೌತ್ ಇಂಡಿಯಾ ಪೇಪರ್ ಮಿಲ್ಸ್, ಅಳಗಂಚಿಯಲ್ಲಿ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆ. ತಾಂಡವಪುರದ ರೀಡ್ ಅಂಡ್ ಟೇಲರ್ ಬಟ್ಟೆ ಗಿರಣಿಯ ಹೆಸರನ್ನು ಇಲ್ಲಿನ ಜನ ಇನ್ನೂ ಮರೆತಿಲ್ಲ. ಅದು ಮುಚ್ಚಿದಾಗ ಒಂದೇ ಸಲಕ್ಕೆ ಎಷ್ಟು ಮನೆಗಳ ಒಲೆಗೆ ತೊಂದರೆಯಾಯಿತು ಎಂಬುದು ಸುತ್ತಲ ಹಳ್ಳಿಗಳಿಗೆ ಗೊತ್ತು.

ಟಿ. ನರಸೀಪುರದ ಮಾತು ಬೇರೆ. ಕಾವೇರಿ ಕಪಿಲೆಯರು ಕೂಡುವ ಈ ತಾಲ್ಲೂಕಿನಲ್ಲಿ ಭತ್ತ, ಕಬ್ಬು, ರೇಷ್ಮೆ ಇವೆ. ಅಕ್ಕಿ ಗಿರಣಿ, ಇಟ್ಟಿಗೆ ಗೂಡು, ಸರ್ಕಾರಿ ರೇಷ್ಮೆ ನಿಗಮ ಕೆಎಸ್‌ಐಸಿಯ ನೂಲು ಬಿಚ್ಚುವ ಕಾರ್ಖಾನೆ ಇವೆ. ನಂಜನಗೂಡಿನಂತಹ ಕಾರ್ಖಾನೆಗಳ ಸಾಲು ಇಲ್ಲ. ಕಲ್ಲಿಕೋಟೆಯಿಂದ ಕೊಳ್ಳೇಗಾಲಕ್ಕೆ ಹೋಗುವ 766ನೇ ರಾಷ್ಟ್ರೀಯ ಹೆದ್ದಾರಿ ನಂಜನಗೂಡನ್ನೂ ನರಸೀಪುರವನ್ನೂ ಮುಟ್ಟುತ್ತದೆ, ಆದರೆ ಮೈಸೂರನ್ನು ಬಳಸಿಕೊಂಡು. ಚಾಮರಾಜನಗರದ ರೈಲು ಕಡಕೊಳ, ತಾಂಡವಪುರ, ನಂಜನಗೂಡುಗಳಲ್ಲಿ ನಿಲ್ಲುತ್ತದೆ. ನರಸೀಪುರಕ್ಕೆ ರೈಲೇ ಇಲ್ಲ. ಸುದ್ದಿಯೂ ಬಸ್ಸು, ರೈಲು ಹೋದ ದಾರಿಯಲ್ಲೇ ಹೋಗುತ್ತದೆ. ತಾಂಡವಪುರದ ಹುಡುಗನಿಗೆ ಟೀ ಅಂಗಡಿಯಲ್ಲಿ ಕಿವಿಗೆ ಬೀಳುವ ಮಾತು ನರಸೀಪುರ ತಾಲ್ಲೂಕಿನ ಬನ್ನೂರಿನ, ತಲಕಾಡಿನ ಹುಡುಗನಿಗೆ ತಲುಪಬೇಕಾದರೆ ಅವನ ಊರಿನವರು ಯಾರಾದರೂ ಆಗಲೇ ಆ ಕಾರ್ಖಾನೆಯೊಳಗೆ ಇರಬೇಕು. ಒಬ್ಬರೂ ಇಲ್ಲದ ಊರು ಹಾಗೇ ಉಳಿಯುತ್ತದೆ, ಒಬ್ಬ ಹೋದ ಊರಿನಿಂದ ಹತ್ತು ಜನ ಹೋಗುತ್ತಾರೆ. ಒಂದು ಹಳ್ಳಿಯ ಹುಡುಗರೆಲ್ಲ ಒಂದೇ ಕಂಪನಿಯಲ್ಲಿ, ಅದೂ ಒಂದೇ ವಿಭಾಗದಲ್ಲಿ ಇರುವುದನ್ನು ಈ ಭಾಗದಲ್ಲಿ ಯಾರು ಬೇಕಾದರೂ ಕಾಣಬಹುದು.

ಖಾಲಿ ಜಾಗ ಹೀಗೆ ಬಾಯಿಂದ ಬಾಯಿಗೆ ತುಂಬಿಹೋಗಬಾರದು ಎಂದು ನಮ್ಮ ದೇಶ ಬಹಳ ಹಿಂದೆಯೇ ಕಾನೂನು ಮಾಡಿತ್ತು ಎಂಬುದು ಹೆಚ್ಚು ಜನರಿಗೆ ತಿಳಿಯದು. 1959ರ ಉದ್ಯೋಗ ವಿನಿಮಯ ಕೇಂದ್ರಗಳ ಕಡ್ಡಾಯ ಅಧಿಸೂಚನಾ ಕಾಯ್ದೆ 1960ರ ಮೇ 1ರಿಂದ ಜಾರಿಗೆ ಬಂತು. ಸರ್ಕಾರಿ ಸಂಸ್ಥೆಗಳಷ್ಟೇ ಅಲ್ಲ, 25 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಖಾಸಗಿ ಸಂಸ್ಥೆಯೂ ಜಾಗ ತುಂಬುವ ಮೊದಲೇ ಉದ್ಯೋಗ ವಿನಿಮಯ ಕೇಂದ್ರಕ್ಕೆ ತಿಳಿಸಬೇಕು ಎಂಬುದು ಅದರ ತಿರುಳಾಗಿತ್ತು. ನಂಜನಗೂಡಿನ ಯಾವ ದೊಡ್ಡ ಕಾರ್ಖಾನೆಯೂ ಈ ಮಿತಿಯ ಹೊರಗಿರಲಿಲ್ಲ. ಹಾಗಿದ್ದರೂ ಅದು ಏಕೆ ಕಾಗದದಲ್ಲೇ ಉಳಿಯಿತು? ಕಾಯ್ದೆಯನ್ನು ಓದಿದರೆ ಉತ್ತರ ಅಲ್ಲೇ ಇದೆ. ಮೂರು ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸಕ್ಕೆ ವಿನಾಯಿತಿ ಇತ್ತು. ತಿಳಿಸಿದರೆ ಸಾಕಿತ್ತು, ಕೇಂದ್ರ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟುಪಾಡಿರಲಿಲ್ಲ. ತಿಳಿಸದೇ ಹೋದರೆ ಮೊದಲ ಸಲ 500 ರೂಪಾಯಿವರೆಗೆ ದಂಡ, ಆಮೇಲಿನ ಪ್ರತಿ ತಪ್ಪಿಗೆ 1,000 ರೂಪಾಯಿವರೆಗೆ ಇತ್ತು. ಕೋಟಿಗಟ್ಟಲೆ ವಹಿವಾಟಿನ ಕಾರ್ಖಾನೆಗೆ ಈ ದಂಡ ಯಾವ ಲೆಕ್ಕ? 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಈ ಹಳೆಯ ಕಾಯ್ದೆ ಸೇರಿಹೋಗಿದೆ. ವಿನಿಮಯ ಕೇಂದ್ರದ ಜಾಗಕ್ಕೆ ‘ವೃತ್ತಿ ಕೇಂದ್ರ’ದ ಹೆಸರು ಬಂದಿದೆ. ಹೆಸರು ಬದಲಾದಷ್ಟಕ್ಕೆ ಕಾರ್ಖಾನೆಗಳು ಬಾಯಿ ಬಿಡುತ್ತವೆ ಎಂಬ ನಂಬಿಕೆ ನನಗಿಲ್ಲ. ಅಧಿಕಾರಿಗಳು ಗೇಟಿನವರೆಗೆ ಹೋಗಿ ‘ಈ ವರ್ಷ ಎಷ್ಟು ಜಾಗ ತುಂಬಿದಿರಿ, ಎಷ್ಟನ್ನು ನಮಗೆ ತಿಳಿಸಿದಿರಿ’ ಎಂದು ಪುಸ್ತಕ ತೆಗೆಸಿ ನೋಡಿದ ದಿನ ನಂಬುತ್ತೇನೆ.

2024ರ ಜುಲೈನಲ್ಲಿ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಪಾಲು ಕೊಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿ, ಉದ್ಯಮಿಗಳ ವಿರೋಧ ಬಂದ ಕೂಡಲೇ ತಡೆಹಿಡಿದದ್ದು ನೆನಪಿರಬಹುದು. ಕನ್ನಡಿಗರಿಗೆ ಉದ್ಯೋಗ ಕೊಡುವ ಕುರಿತ ಸರೋಜಿನಿ ಮಹಿಷಿ ವರದಿಯ ಕಾಲದಿಂದಲೂ ಪಾಲು ಎಷ್ಟು ಎಂಬ ಬಗ್ಗೆ ನಾವು ಗಂಟಲು ಹರಿಯುವಷ್ಟು ವಾದಿಸಿದ್ದೇವೆ. ಜಾಗ ಖಾಲಿ ಇದೆ ಎಂದು ತಿಳಿಯುವ ಹಕ್ಕಿನ ಬಗ್ಗೆ ಅಷ್ಟು ದನಿ ಎದ್ದಿಲ್ಲ. ಹಿಮ್ಮಾವಿನ ಕಡೆ ಕಾರ್ಖಾನೆಗೆ ಭೂಮಿ ಬಿಟ್ಟುಕೊಟ್ಟ ಕುಟುಂಬಗಳೇ ಉದ್ಯೋಗಕ್ಕಾಗಿ ಧರಣಿ ಕೂರಬೇಕಾಯಿತು. ಹೊಲ ಕೊಟ್ಟವರಿಗೇ ಈ ಪಾಡಾದರೆ ಹೊಲವೇ ಇಲ್ಲದವರ ಗತಿ ಏನು ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ.

ಸರ್ಕಾರಿ ಕಚೇರಿಗಳ ಬಾಗಿಲಲ್ಲೂ ಇಂಥ ಕೆಲಸಗಳಿವೆ. ಡೇಟಾ ಎಂಟ್ರಿ, ವಾಹನ ಚಾಲನೆ, ಆಸ್ಪತ್ರೆ ಸ್ವಚ್ಛತೆ, ಹಾಸ್ಟೆಲ್ ಅಡುಗೆ, ಎಲ್ಲವೂ ಹೊರಗುತ್ತಿಗೆ. ‘ಒಳಗೆ ಸೇರಿಕೊಂಡರೆ ಸಾಕು, ಹತ್ತು ವರ್ಷಕ್ಕೆ ಪರ್ಮನೆಂಟ್ ಮಾಡ್ತಾರೆ’ ಎಂಬ ಮಾತು ಇನ್ನೂ ಹಳ್ಳಿಗಳಲ್ಲಿ ಓಡಾಡುತ್ತಿದೆ. ಆದರೆ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2006ರ ಏಪ್ರಿಲ್ 10ರಂದು ಕೊಟ್ಟ ಉಮಾದೇವಿ ತೀರ್ಪು ಬೇರೆಯೇ ಹೇಳುತ್ತದೆ, ಆ ಪ್ರಕರಣ ನಮ್ಮ ರಾಜ್ಯದ್ದೇ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರು ಅದರಲ್ಲಿದ್ದರು. ಎಲ್ಲರಿಗೂ ತಿಳಿಯುವಂತೆ ಅರ್ಜಿ ಕರೆಯದೆ, ಹಿಂಬಾಗಿಲಿನಿಂದ ಮಾಡಿಕೊಂಡ ನೇಮಕವನ್ನು ಕಾಯಂ ಮಾಡಿ ಎಂದು ಕೇಳುವ ಹಕ್ಕಿಲ್ಲ ಎಂದು ನ್ಯಾಯಾಲಯ ಹೇಳಿತು. ಮಂಜೂರಾದ ಹುದ್ದೆಗಳಲ್ಲಿ ಹತ್ತು ವರ್ಷ ದುಡಿದವರಿಗೆ ಒಂದು ಸಲದ ಅವಕಾಶ ಮಾತ್ರ ಕೊಟ್ಟಿತು. ಸಂಬಳಕ್ಕಾಗಿ ಹೊರಗುತ್ತಿಗೆಗೆ ಸೇರುವುದು ಅವರವರಿಗೆ ಬಿಟ್ಟದ್ದು. ಕಾಯಂ ಆಗುವ ಆಸೆಗೆ ಮಧ್ಯವರ್ತಿಯ ಕೈಗೆ ಸಾಲದ ದುಡ್ಡು ಸುರಿಯಬಾರದು.

ಹಾಗಾದರೆ ಯಾರ ಬೆಂಬಲವೂ ಇಲ್ಲದವರು ಈ ಬಾಯಿಮಾತಿನ ಸರಪಳಿಯೊಳಗೆ ಕೈ ಹಾಕುವುದು ಹೇಗೆ? ಕೆಲಸದ ಸುದ್ದಿ ಜನಕ್ಕೆ ಹೇಗೆ ಸಿಗುತ್ತದೆ ಎಂಬುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೋವೆಟರ್ ಐವತ್ತು ವರ್ಷದ ಹಿಂದೆಯೇ ಹುಡುಕಿದ್ದರು. ಬಾಸ್ಟನ್ ಬಳಿಯ ನ್ಯೂಟನ್ ಎಂಬ ಊರಿನಲ್ಲಿ ಕೆಲಸ ಬದಲಿಸಿದ್ದ 282 ಜನರಿಂದ ಮಾಹಿತಿ ಪಡೆದು 1974ರಲ್ಲಿ ಪುಸ್ತಕ ಬರೆದರು. ನೂರಕ್ಕೆ 56ರಷ್ಟು ಜನಕ್ಕೆ ಕೆಲಸ ಸಿಕ್ಕಿದ್ದು ಪರಿಚಿತರಿಂದ. ಜಾಹೀರಾತು, ಏಜೆನ್ಸಿ ಮುಂತಾದ ದಾರಿಯಿಂದ ಸಿಕ್ಕಿದ್ದು 19ರಷ್ಟು ಜನಕ್ಕೆ. ಜಾಗ ಇದೆಯೋ ಇಲ್ಲವೋ ತಿಳಿಯದೆ ನೇರವಾಗಿ ಹೋಗಿ ಕೇಳಿ ಗಿಟ್ಟಿಸಿಕೊಂಡವರೂ ಹೆಚ್ಚುಕಡಿಮೆ ಅಷ್ಟೇ ಇದ್ದರು. ಇನ್ನೂ ಮುಖ್ಯವಾದದ್ದು, ಯಾವ ಪರಿಚಿತರು ಎಂಬುದು. ಪರಿಚಿತರಿಂದ ಕೆಲಸ ಪಡೆದವರಲ್ಲಿ, ಆಗಾಗ ಸಿಗುವ ಆಪ್ತರಿಂದ ಸುದ್ದಿ ಬಂದದ್ದು ನೂರಕ್ಕೆ 17ರಷ್ಟು ಜನಕ್ಕೂ ಇಲ್ಲ. ಅಪರೂಪಕ್ಕೆ, ಅಲ್ಲಿ ಇಲ್ಲಿ ಸಿಗುವವರೇ ಹೆಚ್ಚಾಗಿ ಸುದ್ದಿ ಕೊಟ್ಟಿದ್ದರು.

ಯೋಚಿಸಿದರೆ ಇದು ಸಹಜ. ನಮ್ಮ ಮನೆಯವರಿಗೆ, ಜಗಲಿ ಕಟ್ಟೆಯ ಗೆಳೆಯರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಇರುವುದು ಬೇರೆ ಲೋಕದಲ್ಲಿ ಓಡಾಡುವವರ ಹತ್ತಿರ. ಐಟಿಐಯಲ್ಲಿ ಎರಡು ವರ್ಷ ಮುಂದಿದ್ದ ಹಿರಿಯ ವಿದ್ಯಾರ್ಥಿ, ಕಂಪನಿ ಬಸ್ಸಿನ ಡ್ರೈವರ್, ಕ್ಯಾಂಟೀನಿಗೆ ತರಕಾರಿ ಹಾಕುವವನು, ಗೇಟಿನ ಸೆಕ್ಯೂರಿಟಿ, ಮೋಟರ್ ರಿವೈಂಡಿಂಗ್ ಅಂಗಡಿಯವನು, ವೇಬ್ರಿಡ್ಜಿನಲ್ಲಿ ಕೂರುವ ಗುಮಾಸ್ತ ಇಂಥವರು. ಇವರ ಹತ್ತಿರ ಹೋಗಿ ‘ಅಣ್ಣ, ಎಲ್ಲಾದ್ರೂ ಒಂದ್ ಕೆಲಸ ಕೊಡ್ಸಿ’ ಎಂದರೆ ಅವರಿಗೆ ಮುಜುಗರ. ಕೊಡಿಸುವ ಅಧಿಕಾರ ಅವರಿಗಿಲ್ಲ, ‘ನೋಡಣ ಕಣಪ್ಪ’ ಎಂದು ಜಾರಿಕೊಳ್ಳುತ್ತಾರೆ. ‘ಅಣ್ಣ, ನಿಮ್ ಕಂಪನೀಲಿ ಫಿಟ್ಟರ್ ಕೆಲಸಕ್ಕೆ ಯಾವ ಕಂಟ್ರಾಕ್ಟರ್ ಜನ ಕಳಿಸ್ತಾರೆ? ಅವರ ಆಫೀಸ್ ಎಲ್ಲಿದೆ? ಯಾವ ತಿಂಗಳಲ್ಲಿ ಜಾಸ್ತಿ ಜನ ತಗೋತಾರೆ?’ ಎಂದು ಕೇಳಿದರೆ ಬಾಯಿ ತುಂಬ ಹೇಳುತ್ತಾರೆ. ಸಹಾಯ ಕೇಳುವುದಕ್ಕೂ ಸುದ್ದಿ ಕೇಳುವುದಕ್ಕೂ ಇಷ್ಟು ಅಂತರವಿದೆ. ನಂಬರು ಕೊಟ್ಟು ಬಂದು ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಮಾತಾಡಿಸಿದರೆ ನಿಮ್ಮ ಮುಖ ಅವರ ನೆನಪಿನಲ್ಲಿ ಉಳಿಯುತ್ತದೆ. ಯಾರಾದರೂ ಕೆಲಸ ಬಿಟ್ಟ ದಿನ ಬಾಯಿಗೆ ಬರುವುದು ನೆನಪಿನಲ್ಲಿದ್ದ ಹೆಸರು.

ನೇರವಾಗಿ ಗೇಟಿಗೆ ಹೋಗುವುದನ್ನೂ ಕೀಳಾಗಿ ಕಾಣಬೇಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ನರಸೀಪುರದ ಹುಡುಗಿಯೊಬ್ಬಳು ಬಯೋಡೇಟಾ ಹಿಡಿದು ನಂಜನಗೂಡಿನ ಗೇಟುಗಳಿಗೆ ಹೋಗಿ ಬರಲು ಈಗ ಬಸ್ ಚಾರ್ಜಿನ ಚಿಂತೆ ಇಲ್ಲ. ಈ ಯೋಜನೆಯ ಬಗ್ಗೆ ಎಷ್ಟೋ ಚರ್ಚೆ ಕೇಳಿದ್ದೇವೆ. ಕೆಲಸ ಹುಡುಕುವ ಖರ್ಚನ್ನು ಅದು ಇಳಿಸಿದ್ದನ್ನು ಹೇಳಿದವರು ಕಡಿಮೆ.

ಇನ್ನೊಂದು ದಾರಿಯಿದೆ, ಅದನ್ನು ಬಳಸುವವರು ವಿರಳ. ಕೆಲಸದ ಜಾಹೀರಾತು ಬರದಿರಬಹುದು, ಆದರೆ ಕೆಲಸ ಹುಟ್ಟಿಸುವ ಕಾರ್ಖಾನೆಯ ಸುದ್ದಿ ಬಂದೇ ಬರುತ್ತದೆ. ಹೊಸ ಕೈಗಾರಿಕೆಗೆ ಏಕಗವಾಕ್ಷಿ ಸಮಿತಿಗಳು ಒಪ್ಪಿಗೆ ಕೊಡಬೇಕು. 15 ಕೋಟಿ ರೂಪಾಯಿವರೆಗಿನ ಹೂಡಿಕೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸಮಿತಿಯ ಮುಂದೆ ಬರುತ್ತದೆ, ಅದಕ್ಕಿಂತ ದೊಡ್ಡದು ರಾಜ್ಯ ಮಟ್ಟಕ್ಕೆ ಹೋಗುತ್ತದೆ. ಯಾವ ಕಂಪನಿ, ಯಾವ ಊರು, ಎಷ್ಟು ಹೂಡಿಕೆ, ಎಷ್ಟು ಉದ್ಯೋಗದ ನಿರೀಕ್ಷೆ ಎಂಬ ವಿವರ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಬರುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಕೆಲವು ಬಗೆಯ ದೊಡ್ಡ ಯೋಜನೆಗಳಿಗೆ ಸಾರ್ವಜನಿಕ ಸಭೆ ಕಡ್ಡಾಯ. ಅದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಯೋಜನೆಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲೂ ಒದಗಿಸಬೇಕು. ಆ ಸಾರಾಂಶದಲ್ಲಿ ಬಾಯ್ಲರ್ ಎಷ್ಟು ದೊಡ್ಡದು, ತ್ಯಾಜ್ಯ ನೀರು ಶುದ್ಧೀಕರಣ ಘಟಕ ಎಂಥದ್ದು ಎಂಬುದೆಲ್ಲ ಇರುತ್ತದೆ. ಬಾಯ್ಲರ್ ಇದ್ದರೆ ಪ್ರಮಾಣಪತ್ರ ಪಡೆದ ಅಟೆಂಡೆಂಟ್ ಇರಲೇಬೇಕು ಎಂದು ಕಾನೂನು ಹೇಳುತ್ತದೆ. ವಿದ್ಯುತ್ ಕೆಲಸಕ್ಕೆ ಪರವಾನಗಿ ಇರುವ ವೈರ್‌ಮನ್ ಬೇಕು, ಗೋದಾಮಿಗೆ ಫೋರ್ಕ್‌ಲಿಫ್ಟ್ ಓಡಿಸುವವರು ಬೇಕು. ಕಟ್ಟಡ ಏಳಲು, ಯಂತ್ರ ಕೂರಲು ಹಿಡಿಯುವ ಕಾಲದಲ್ಲಿ ಆ ಪ್ರಮಾಣಪತ್ರ ಸಂಪಾದಿಸಿಕೊಂಡವನನ್ನು ಕಂಟ್ರಾಕ್ಟರೇ ಹುಡುಕಿಕೊಂಡು ಬರುತ್ತಾನೆ. ಬಿ.ಎ., ಬಿ.ಕಾಂ. ಮುಗಿಸಿ ಮನೆಯಲ್ಲಿ ಕುಳಿತ ತಮ್ಮ ತಂಗಿಯರಿಗೆ ಇದನ್ನು ಒತ್ತಿ ಹೇಳಬೇಕು ಅನಿಸುತ್ತದೆ. ಪದವಿಯನ್ನು ಹಿಡಿದು ಸಾವಿರ ಜನ ನಿಂತಿರುವ ಸಾಲಿಗಿಂತ ಈ ಸಾಲು ಬಹಳ ಚಿಕ್ಕದು.

ಅಪ್ರೆಂಟಿಸ್ ದಾರಿಯನ್ನೂ ಮರೆಯಬಾರದು. 1961ರ ಅಪ್ರೆಂಟಿಸ್ ಕಾಯ್ದೆಯ ಈಗಿನ ನಿಯಮದಂತೆ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಒಟ್ಟು ಸಂಖ್ಯೆಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಸ್ಟೈಪೆಂಡ್ ಕಡಿಮೆ, ಕಾಯಂ ಆಗುವ ಭರವಸೆ ಇಲ್ಲ, ನಿಜ. ಆದರೆ ಒಂದು ವರ್ಷ ಗೇಟಿನ ಒಳಗಿರುತ್ತೀರಿ. ಯಾರು ಬಿಡುತ್ತಾರೆ, ಯಾವ ಲೈನ್ ಹೊಸದಾಗಿ ಬರುತ್ತದೆ, ಯಾವ ಕಂಟ್ರಾಕ್ಟರ್ ಸರಿಯಾಗಿ ಸಂಬಳ ಕೊಡುತ್ತಾನೆ ಎಂಬುದೆಲ್ಲ ಊಟದ ಹೊತ್ತಿನಲ್ಲೇ ಕಿವಿಗೆ ಬೀಳುತ್ತದೆ.

ಬಾಯಿಮಾತಿನ ಮಾರುಕಟ್ಟೆಯಲ್ಲಿ ಮೋಸಗಾರರೂ ಇರುತ್ತಾರೆ. ‘ಎಚ್‌ಆರ್ ನಮ್ಮೋರೇ, ಐವತ್ತು ಸಾವಿರ ಕೊಟ್ರೆ ಪರ್ಮನೆಂಟ್’ ಎನ್ನುವವನ ಹತ್ತಿರ ಕೊಡಲು ಕೆಲಸವಿರುವುದಿಲ್ಲ. ದುಡ್ಡು ಕೇಳಿದ ಕ್ಷಣದಲ್ಲೇ ಎದ್ದು ಬನ್ನಿ. ಫೋನಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ರಿಜಿಸ್ಟ್ರೇಷನ್ ಫೀ ಎಂದು ಹಣ ಹಾಕಿಸಿಕೊಂಡು ಮೋಸ ಮಾಡಿದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ತಡಮಾಡದೆ ದೂರು ಕೊಡಿ. ನಿಜವಾದ ಕಂಟ್ರಾಕ್ಟರನ ಬಳಿ ಸೇರಿದಾಗಲೂ ಪಿಎಫ್‌ನ ಯುಎಎನ್ ಸಂಖ್ಯೆ, ಇಎಸ್‌ಐ ಸಂಖ್ಯೆ, ಸಂಬಳದ ಚೀಟಿ ಕೇಳಿ ಪಡೆಯಿರಿ. ಕಂಟ್ರಾಕ್ಟರ್ ಕೂಲಿ ಕೊಡದೆ ಕೈ ಎತ್ತಿದರೆ ಅದನ್ನು ತುಂಬಿಕೊಡುವ ಹೊಣೆ ಮೂಲ ಕಂಪನಿಯದು. ಕಾರ್ಮಿಕ ಇಲಾಖೆಯಲ್ಲಿ ಇದನ್ನು ಕೇಳುವಾಗ ಕೈಯಲ್ಲಿರುವ ಆ ಚೀಟಿಗಳೇ ಸಾಕ್ಷಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ, ನನಗೆ ಅದೇ ಎಲ್ಲಕ್ಕಿಂತ ದೊಡ್ಡದು. ನಂಜನಗೂಡು, ಟಿ. ನರಸೀಪುರ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಅಂಥ ಕಡೆಯಲ್ಲೂ ಬಾಯಿಮಾತಿನ ಸುದ್ದಿ ಜಾತಿಯ ಬೀದಿಗಳಲ್ಲೇ ಓಡಾಡುತ್ತದೆ. ಸೂಪರ್‌ವೈಸರ್ ಯಾವ ಬೀದಿಯವನೋ ಸುದ್ದಿ ಆ ಬೀದಿಗೆ ಮೊದಲು ಹೋಗುತ್ತದೆ, ಕೇರಿಗೆ ಬರುವ ಹೊತ್ತಿಗೆ ಮುಗಿದಿರುತ್ತದೆ. ಜಾಹೀರಾತು ಬಂದರೆ ಎಲ್ಲ ಸರಿಹೋಗುತ್ತದೆ ಎಂದೂ ಹೇಳುವಂತಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಪತ್ರಿಕಾ ಜಾಹೀರಾತುಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಲಾಗಿತ್ತು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆಯ ಪ್ರಮಾಣ 0.67, ಮುಸ್ಲಿಂ ಹೆಸರಿಗೆ 0.33. ಜಾಹೀರಾತಿನಲ್ಲೇ ಹೀಗಾದರೆ, ಯಾರೂ ನೋಡದ ಕಡೆ ಹೇಗಿರಬಹುದು?

ಜಾತಿಯ ಬಲೆ ಒಳಗಿದ್ದವರನ್ನೂ ಕಟ್ಟಿಹಾಕುತ್ತದೆ. ಕೈವನ್ ಮುನ್ಶಿ ಮತ್ತು ಮಾರ್ಕ್ ರೋಸೆನ್‌ಜ್ವೀಗ್ ಮುಂಬೈಯ ದಾದರಿನಲ್ಲಿ ಇದನ್ನು ಅಧ್ಯಯನ ಮಾಡಿ 2006ರಲ್ಲಿ ಬರೆದರು. ಜಾತಿಯವರ ನೆರವಿನಿಂದ ಗಿರಣಿ ಕೆಲಸ ಸಿಗುತ್ತಿದ್ದ ಕುಟುಂಬಗಳು ಗಂಡುಮಕ್ಕಳನ್ನು ಮರಾಠಿ ಶಾಲೆಗೆ, ಅದೇ ಹಳೆಯ ಕೆಲಸಗಳ ಕಡೆಗೇ ಕಳಿಸುತ್ತಿದ್ದವು. ಅಂಥ ಬಲೆಯ ಆಸರೆಯೇ ಇಲ್ಲದ ಹೆಣ್ಣುಮಕ್ಕಳು ಇಂಗ್ಲಿಷ್ ಶಾಲೆಯ ದಾರಿ ಹಿಡಿದು ಹೊಸ ಕಾಲದ ಕೆಲಸಗಳಿಗೆ ಗಂಡುಮಕ್ಕಳಿಗಿಂತ ಚೆನ್ನಾಗಿ ಸಜ್ಜಾದರು. ನಮ್ಮ ಊರಿನ ಹುಡುಗರೆಲ್ಲ ಒಂದೇ ಕಂಪನಿಯ ಒಂದೇ ಲೋಡಿಂಗ್ ಕೆಲಸಕ್ಕೆ ಸಾಲಾಗಿ ಹೋಗುವುದನ್ನು ನೋಡಿದಾಗ ಈ ಅಧ್ಯಯನ ನೆನಪಾಗುತ್ತದೆ. ಸುಲಭಕ್ಕೆ ಸಿಕ್ಕ ಮೊದಲ ಕೆಲಸದಲ್ಲೇ ಎಷ್ಟೋ ಜನ ನಿಂತುಬಿಡುತ್ತಾರೆ.

ಆದ್ದರಿಂದ ಆಗಲೇ ಕೆಲಸದಲ್ಲಿ ಇರುವವರಲ್ಲಿ ನನ್ನದೊಂದು ಕೋರಿಕೆ. ನಮ್ಮ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಅಲ್ಲಿಗೆ ಎಲ್ಲ ಬೀದಿಯ, ಎಲ್ಲ ಕೇರಿಯ ಮಕ್ಕಳೂ ಬರಬಹುದು. ನಿಮ್ಮ ವಿಭಾಗದಲ್ಲಿ ಜಾಗ ಖಾಲಿಯಾದರೆ, ನಿಮ್ಮ ಕಂಟ್ರಾಕ್ಟರಿಗೆ ಜನ ಬೇಕಾದರೆ, ಮನೆಯವರಿಗೆ ಹೇಳುವ ದಿನವೇ ಅಲ್ಲಿನ ಮೇಲ್ವಿಚಾರಕರಿಗೂ ಒಂದು ಫೋನ್ ಮಾಡಿ. ಕೆಲಸದ ಹೆಸರು, ಬೇಕಾದ ಓದು, ಯಾರನ್ನು ಯಾವಾಗ ಕಾಣಬೇಕು ಎಂಬುದನ್ನು ಫಲಕದಲ್ಲಿ ಬರೆಸಿ. ಪಂಚಾಯಿತಿ ಸದಸ್ಯರು, ಸಂಘದ ಹೆಣ್ಣುಮಕ್ಕಳು, ಐಟಿಐ ಮೇಷ್ಟ್ರುಗಳು ಇದನ್ನು ವಾರಕ್ಕೊಮ್ಮೆ ವಿಚಾರಿಸಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಸರ್ಕಾರದ ಅನುದಾನವೂ ಬೇಕಿಲ್ಲ. ಈ ವಾರವೇ ಶುರು ಮಾಡಿ.